ಚಾರ್ಜ್ ಪಟ್ಟಿಯಲ್ಲಿ ಮಕ್ಕಳಿಲ್ಲ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಊರು. ತಿಂಗಳ ಕೊನೆಯ ದಿನ, ಸಂಜೆ ನಾಲ್ಕು ದಾಟಿದೆ. ಅಂಗನವಾಡಿಯ ಮಕ್ಕಳು ಮನೆಗೆ ಹೋಗಿದ್ದಾರೆ. ನಾಟಿ ಕೆಲಸಕ್ಕೆ ಹೋದ ತಾಯಿ ಇನ್ನೂ ಬಾರದ ಒಂದು ಗಂಡುಮಗು ಮಾತ್ರ ಮೂಲೆಯ ಚಾಪೆಯ ಮೇಲೆ ನಿದ್ದೆಹೋಗಿದೆ. 35 ವರ್ಷ ಇಲ್ಲಿ ಕಾರ್ಯಕರ್ತೆಯಾಗಿದ್ದವರಿಗೆ ಅರವತ್ತು ತುಂಬಿತು. ಇವತ್ತೇ ಕಡೆಯ ದಿನ. ಅವರ ಜಾಗಕ್ಕೆ ಆಯ್ಕೆಯಾಗಿ ಬಂದಾಕೆ ಇದೇ ಊರಿನ ಸೊಸೆ, ತವರು ಹಾಸನದ ಕಡೆ. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತಿದ್ದಾರೆ. ನಡುವೆ ಚಾರ್ಜ್ ಪಟ್ಟಿ.

ಹಳಬರು: ಕುಕ್ಕರ್ ಎರಡು. ಒಂದರ ಗ್ಯಾಸ್ಕೆಟ್ ಹೋಗಿದೆ, ಅದನ್ನೂ ಬರ್ಕೋ. ಸಿಲಿಂಡರ್ ಎರಡು, ಒಂದು ಖಾಲಿ. ತಟ್ಟೆ ಮೂವತ್ತು. ಲೋಟ ಇಪ್ಪತ್ತಾರು. ಮೂವತ್ತೇ ಇತ್ತು, ನಾಕು ಮಕ್ಕಳ ಜೊತೆ ಮನೆಗೋದದ್ದು ವಾಪಸ್ ಬರಲಿಲ್ಲ. ತೂಕದ ಯಂತ್ರ ಎರಡು, ನೇತಾಕೋದು ಒಂದು, ನಿಲ್ಲಿಸೋದು ಒಂದು. ಎತ್ತರ ಅಳೆಯೋದು, ತೋಳಿನ ಪಟ್ಟಿ. ರಿಜಿಸ್ಟ್ರುಗಳು ಆ ಟ್ರಂಕಲ್ಲಿವೆ. ಬೀಗದ ಕೈ ಇಗೋ. ಆಯ್ತು, ಸಹಿ ಹಾಕವ್ವ.

ಹೊಸಬರು: ಮಕ್ಕಳು?

ಹಳಬರು: ಹಾಜರಿ ಪುಸ್ತಕದಲ್ಲವರಲ್ಲ, ಇಪ್ಪತ್ತೆಂಟು.

ಹೊಸಬರು: ಹೆಸರಿದೆ, ಹುಟ್ಟಿದ ದಿನ ಇದೆ, ಆಧಾರ್ ಇದೆ, ಪ್ರತಿ ತಿಂಗಳ ತೂಕ ಇದೆ. ಯಾವ ಮಗು ಯಾಕೆ ಅಳುತ್ತೆ ಅನ್ನೋದು ಎಲ್ಲೂ ಇಲ್ಲ. ಟೀಚರಮ್ಮ, ನಿಜ ಹೇಳಿಬಿಡ್ತೀನಿ, ನನಗೆ ರಾತ್ರಿ ನಿದ್ದೆ ಬಂದಿಲ್ಲ. ನಾನು ಪಿಯುಸೀಲಿ ಕಾಮರ್ಸು, ಆಮೇಲೆ ಬಿ.ಕಾಂ. ಅಕೌಂಟೆನ್ಸೀಲಿ 92 ಬಂದಿತ್ತು. ಆ ಅಂಕದಿಂದಲೇ ಆಯ್ಕೆ ಪಟ್ಟೀಲಿ ನನ್ನ ಹೆಸರು ಮೇಲೆ ಬಂದದ್ದು. ನನಗೆ ಗೊತ್ತಿರೋದು ಡೆಬಿಟ್ಟು, ಕ್ರೆಡಿಟ್ಟು. ಕೈಗೆ ಕೊಟ್ಟಿರೋದು ಮೂರು ವರ್ಷದ ಮಕ್ಕಳನ್ನ.

ಹಳಬರು: ನನಗೂ ಹಂಗೇ ಕೊಟ್ರು ಕಣವ್ವ. ನಂದು ಎಸ್ಸೆಸ್ಸೆಲ್ಸಿ. ಆಗ ಕೇಳ್ತಿದ್ದದ್ದೇ ಅಷ್ಟು. ಓದಿದೋರು ಸಿಗದ ಊರಲ್ಲಿ ಏಳನೇ ಕ್ಲಾಸಿನೋರನ್ನೂ ತಗೊಂಡ್ರು. ಈಗ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಆಗಬೇಕು ಅಂತ ಮಾಡವ್ರೆ. ನಮ್ಮ ತಾಲ್ಲೂಕಿಗೆ ಇದು ಹಳೇ ಕಥೆ. 1975ರ ಅಕ್ಟೋಬರ್ 2ನೇ ತಾರೀಕು ಇಡೀ ದೇಶದಲ್ಲಿ 33 ಕಡೆ ಐಸಿಡಿಎಸ್, ಅಂದ್ರೆ ಈ ಅಂಗನವಾಡಿ ಯೋಜನೆ, ಶುರುವಾಯ್ತಲ್ಲ, ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ನರಸೀಪುರಕ್ಕೆ. ನೂರು ಅಂಗನವಾಡಿ. ಆ ಮೊದಲ ನೂರರಲ್ಲಿ ಒಬ್ಬರು ಪಕ್ಕದೂರಲ್ಲಿದ್ರು. ನಾನು ಸೇರಿದ ವರ್ಷ ಇಲ್ಲಿ ಬಾಗಿಲು ಹಾಕಿ ದಿನಾ ಸಂಜೆ ನಡಕೊಂಡು ಅವರ ಮನೆಗೆ ಹೋಗ್ತಿದ್ದೆ. ಇವತ್ತು ಒಂದು ಮಗು ಕಚ್ಚಿಬಿಡ್ತು ಅಕ್ಕಾ, ಏನು ಮಾಡೋದು? ಒಂದು ಮಗು ಅನ್ನ ಮುಟ್ಟಲ್ಲ, ಏನು ಮಾಡೋದು? ನಾನು ಕಲಿತದ್ದು ಅವರ ಜಗಲೀಲಿ.

ಹೊಸಬರು: ನಿಮಗೆ ತರಬೇತಿ ಇರಲಿಲ್ವಾ?

ಹಳಬರು: ಇತ್ತು. ತಿಂಗಳುಗಟ್ಟಲೆ ಹಾಸ್ಟೆಲ್ಲಲ್ಲಿ ಉಳ್ಕೊಂಡು ಕಲಿತ್ವಿ. ಹಳೇ ಸೀರೆಯಲ್ಲಿ ಗೊಂಬೆ ಹೊಲಿಯೋದು, ಬೆಳವಣಿಗೆ ನಕ್ಷೆ ಎಳೆಯೋದು, ಲಸಿಕೆ, ಹಾಡು. ನಮ್ಮ ಹಿಂದೆ ಬಂದೋರಿಗೆ ಅದು 26 ದಿನ ಆಯ್ತು. ಮೊನ್ನೆ ಮೊನ್ನೆ, 2023ರಲ್ಲಿ ಶುರುವಾಯ್ತಲ್ಲ ‘ಪೋಷಣ್ ಭೀ ಪಢಾಯಿ ಭೀ’, ಅದಕ್ಕೆ ಕರೆದ್ರು, ಮೂರು ದಿನ. ಒಳ್ಳೇ ವಿಚಾರವೇ ಹೇಳಿಕೊಟ್ರು, ಇಲ್ಲ ಅನ್ನಲ್ಲ. ಆದರೆ ನೀನು ಲೆಕ್ಕ ಓದಿದೋಳು, ನೀನೇ ಕೂಡು ಕಳೆ ಮಾಡು. ಬಾಗಿಲಲ್ಲಿ ಕೇಳೋ ಓದು ಏರ್ತಾ ಹೋಯ್ತು. ಒಳಗೆ ಬಂದ ಮೇಲೆ ಕಲಿಸೋ ದಿನ ಇಳೀತಾ ಬಂತು.

ಹೊಸಬರು: 2020ರ ಶಿಕ್ಷಣ ನೀತಿಯಲ್ಲಿ ಬೇರೆ ಥರ ಬರೆದಿದ್ದಾರೆ. ಪಿಯುಸಿ ಮೇಲಿನವರಿಗೆ ಆರು ತಿಂಗಳ ಸರ್ಟಿಫಿಕೇಟು, ಅದಕ್ಕಿಂತ ಕಮ್ಮಿ ಓದಿದ ಕಾರ್ಯಕರ್ತೆಯರಿಗೆ ಒಂದು ವರ್ಷದ ಡಿಪ್ಲೊಮಾ. ಕೆಲಸ ಮಾಡ್ತಾ ಮಾಡ್ತಾ ಟೀವಿ, ಮೊಬೈಲಲ್ಲಿ ಕಲಿಯೋದು. ತಿಂಗಳಿಗೊಂದು ಸಲವಾದ್ರೂ ಎದುರು ಕೂರಿಸಿ ಪಾಠ ಮಾಡಬೇಕು ಅಂತಲೂ ಇದೆ.

ಹಳಬರು: ಬರಲಿ, ಬೇಗ ಬರಲಿ. ಆದರೆ ಮೊಬೈಲಿನೊಳಗಿರೋ ಮಗು ಕೈ ಕಚ್ಚಲ್ಲ, ಮಡಿಲಲ್ಲಿ ಒಂದ ಮಾಡ್ಕೊಳಲ್ಲ, ಅಮ್ಮ ಹೋದ್ಲು ಅಂತ ಹೊಸಿಲು ಹಿಡ್ಕೊಂಡು ನಿಂತ್ಕೊಳಲ್ಲ. ತಿಂಗಳಿಗೊಂದು ದಿನ ಎದುರು ಕೂತ್ಕೊಳ್ಳೋರು ಯಾರು ಅನ್ನೋದೇ ಮುಖ್ಯ.

ಹೊಸಬರು: ಹಾಗಾದ್ರೆ ಓದಿಗಿಂತ ಅನುಭವ ದೊಡ್ಡದು ಅಂತ ನಿಮ್ಮ ಮಾತು?

ಹಳಬರು: ಅಲ್ಲ. ಆ ಮಾತು ನಾನು ಯಾವತ್ತೂ ಆಡಲ್ಲ. ಯಾಕೆ ಅಂತ ಹೇಳ್ತೀನಿ ಕೇಳು. ಇದನ್ನ ನಾನು ಮೀಟಿಂಗಲ್ಲಿ ಹೇಳಿಲ್ಲ, ನಮ್ಮ ಮನೆಯವರಿಗೂ ಪೂರಾ ಹೇಳಿಲ್ಲ.

ಹದಿನೆಂಟು ವರ್ಷದ ಹಿಂದೆ ಒಂದು ಗಂಡುಮಗು ಬಂತು, ಎರಡೂವರೆ ವರ್ಷ. ಬಲೇ ಚೂಟಿ. ಕಣ್ಣಲ್ಲೇ ಎಲ್ಲಾ ಹಿಡೀತಿತ್ತು. ಮಾತು ಮಾತ್ರ ಇಲ್ಲ. ಅವನ ಅಜ್ಜಿ ಬಂದು ‘ಇವರಪ್ಪನೂ ನಾಕು ವರ್ಷಕ್ಕೇ ಬಾಯಿ ಬಿಟ್ಟಿದ್ದು ಟೀಚರಮ್ಮ’ ಅಂದ್ಲು. ನಾನೂ ಹೌದು ಬಿಡವ್ವ ಅಂದೆ. ಯಾಕೆ ಅಂದೆ? ಆಗಲೇ ಹದಿನೇಳು ವರ್ಷದ ಸರ್ವೀಸು ನಂದು. ತಡವಾಗಿ ಮಾತಾಡಿದ ಮಕ್ಕಳು ಐದಾರನ್ನ ನೋಡಿದ್ದೆ, ಎಲ್ಲರೂ ಮಾತಾಡಿದ್ರು. ಆ ಐದಾರು ಮಕ್ಕಳೇ ನನ್ನ ಬಾಯಲ್ಲಿ ಹೌದು ಅನ್ನಿಸಿದ್ದು. ಊಟಕ್ಕೆ ಕರೆದ್ರೆ ಬರ್ತಿದ್ದ, ಸಾಲಲ್ಲಿ ನಿಲ್ತಿದ್ದ, ಹಾಡು ಹೇಳಿಕೊಟ್ರೆ ಕೈ ಕುಣಿಸ್ತಿದ್ದ. ಹಂಗೇ ಒಂದೂವರೆ ವರ್ಷ ಹೋಯ್ತು.

ಆಮೇಲೆ ಒಬ್ಬ ಹುಡುಗಿ ಬಂದ್ಲು. ಕಾಲೇಜಿನೋರು ಹದಿನೈದು ದಿನ ನೋಡಿ ಕಲೀಲಿ ಅಂತ ಕಳಿಸಿದ್ರು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ಒಂದು ಮಗುವಿನ ಮೂಗು ಒರೆಸೋಕೂ ಬರ್ತಿರಲಿಲ್ಲ. ಮೂರನೇ ದಿನ ಅವನ ಬೆನ್ನ ಹಿಂದೆ ನಿಂತು ತಟ್ಟೆ ಬಡಿದ್ಲು. ಮಕ್ಕಳೆಲ್ಲಾ ತಿರುಗಿದ್ರು, ಅವನೂ ತಿರುಗಿದ. ನಾನು ಹೆಮ್ಮೆಯಿಂದ ‘ನೋಡಿದ್ಯಾ, ಚೆನ್ನಾಗಿ ಕೇಳ್ತದೆ’ ಅಂದೆ. ‘ಇಲ್ಲ ಟೀಚರ್, ಅವನು ಸದ್ದಿಗೆ ತಿರುಗಲಿಲ್ಲ, ಬೇರೆ ಮಕ್ಕಳು ತಿರುಗಿದ್ದು ನೋಡಿ ತಿರುಗಿದ’ ಅಂದ್ಲು. ಅವನೊಬ್ಬನನ್ನೇ ಒಳಗಡೆ ಕೂರಿಸಿ, ಹಿಂದಿಂದ ಮತ್ತೆ ಬಡಿದ್ಲು. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಬಡಿದ್ಲು. ಅವನು ಗೋಡೆ ಮೇಲಿನ ಇರುವೆ ಸಾಲು ನೋಡ್ತಾ ಕೂತಿದ್ದ.

ಹೊಸಬರು: ಅಯ್ಯೋ.

ಹಳಬರು: ಮಾನಸಗಂಗೋತ್ರೀಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಮೈಸೂರಿಗೆ ನಾನೇ ಕರ್ಕೊಂಡು ಹೋದೆ, ತಾಯಿ ಜೊತೆ. ಕಿವಿಗೆ ಮಿಷನ್ ಕೊಟ್ರು, ಮಾತಿನ ತರಬೇತಿ ಶುರು ಮಾಡಿದ್ರು. ಆಗಲೇ ಅವನಿಗೆ ನಾಕು ತುಂಬಿತ್ತು. ಮಾತು ಕಲಿಯೋ ವರ್ಷಗಳು ಇವೇ, ಬೇಗ ಬಂದಷ್ಟೂ ಒಳ್ಳೇದಿತ್ತು ಅಂತ ಅಲ್ಲಿದ್ದೋರು ಮೆಲ್ಲಗೆ ಹೇಳಿದ್ರು. ಬಯ್ಯಲಿಲ್ಲ. ಬಯ್ದಿದ್ರೆ ಚೆನ್ನಾಗಿತ್ತು. ಆ ಒಂದೂವರೆ ವರ್ಷ ನನ್ನ ಲೆಕ್ಕದಲ್ಲಿದೆ ಕಣವ್ವ. ಯಾವ ಚಾರ್ಜ್ ಪಟ್ಟೀಲೂ ಅದನ್ನ ಯಾರಿಗೂ ವಹಿಸಿಕೊಡೋಕಾಗಲ್ಲ.

ಹೊಸಬರು: ನೀವು ಅವನನ್ನ ಪ್ರೀತಿಯಿಂದ ನೋಡ್ಕೊಂಡಿದ್ರಿ.

ಹಳಬರು: ಪ್ರೀತಿಗೇನು ಕಮ್ಮಿ ಇರಲಿಲ್ಲ. ಪ್ರೀತಿಗೆ ಬೆನ್ನ ಹಿಂದೆ ನಿಂತು ತಟ್ಟೆ ಬಡಿಯೋದು ತೋಚಲ್ಲ. ಅದು ಓದಿದ್ರೇ ಬರೋದು. ಅನುಭವದ ಗುಣವೇ ಅದು: ನೂರು ಸಲ ಸರಿಯಾಗಿದ್ರೆ ನೂರಾ ಒಂದನೇ ಸಲ ಕೇಳೋದನ್ನೇ ಬಿಡಿಸಿಬಿಡ್ತದೆ.

ಹೊಸಬರು: ನಾನು ಕೆಲಸ ಸಿಕ್ಕ ಮೇಲೆ ಸಿಕ್ಕಿದ್ದೆಲ್ಲ ಓದ್ತಾ ಇದೀನಿ. ಕಾಲು ಊದಿರೋ ಮಗು ವಿಷಯ ಓದಿ ಗಾಬರಿಯಾಯ್ತು. ನಮ್ಮ ಕಡೆ ‘ಮಗು ದುಂಡುದುಂಡಗಿದೆ, ಮೈ ತುಂಬ್ಕೊಂಡಿದೆ’ ಅಂತ ಖುಷಿ ಪಡ್ತಾರಲ್ಲ, ಅದರಲ್ಲಿ ಯಾವುದೋ ಒಂದು ಮಗುವಿಗೆ ತುಂಬಿರೋದು ಮಾಂಸ ಅಲ್ಲ, ನೀರು. ಎರಡೂ ಪಾದದ ಮೇಲೆ ಹೆಬ್ಬೆರಳು ಇಟ್ಟು ಮೂರು ಸೆಕೆಂಡು ಒತ್ತಿ ಬಿಟ್ಟರೆ ಗುಳಿ ಹಾಗೇ ಉಳಿಯುತ್ತೆ. ಅಂಥ ಮಗು ತೂಕದ ಯಂತ್ರದ ಮೇಲೆ ಚೆನ್ನಾಗೇ ತೂಗಬಹುದು. ಆದ್ರೆ ಅದು ತೀವ್ರ ಅಪೌಷ್ಟಿಕತೆ, ಆಸ್ಪತ್ರೆಗೆ ಸೇರಿಸಲೇಬೇಕು. ತೋಳಿನ ಪಟ್ಟೀಲಿ 11.5 ಸೆಂಟಿಮೀಟರಿಗಿಂತ ಕಮ್ಮಿ ಬಂದರೆ ಕೆಂಪು ಅಂತ ಎಲ್ಲರೂ ಹೇಳಿದ್ರು. ಗುಳಿ ವಿಷಯ ಓದಿದ ಮೇಲೇ ಗೊತ್ತಾದದ್ದು.

ಹಳಬರು: ನೋಡು, ಅದು ನಮ್ಮ ಅಜ್ಜಿಯರ ಕಣ್ಣಿಗೆ ಬೀಳ್ತಿರಲಿಲ್ಲ. ಭೇದಿ ಆದರೆ ನೀರು ಕುಡಿಸಬೇಡಿ, ಕುಡಿಸಿದಷ್ಟೂ ಹೋಗ್ತದೆ ಅಂತಿದ್ರು. ಹಂಗಂದೋರು ಹತ್ತು ಹೆತ್ತೋರು. ಹತ್ತರಲ್ಲಿ ನಾಕು ಮಣ್ಣು ಮಾಡಿದೋರು. ಅನುಭವಕ್ಕೇನು ಬರವಿತ್ತಾ ಅವರಿಗೆ? ಹೆತ್ತ ಕೂಡಲೇ ಬರೋ ಹಳದಿ ಹಾಲನ್ನ ಕೆಟ್ಟದು ಅಂತ ಹಿಂಡಿ ಚೆಲ್ಲಿಸ್ತಿದ್ರು. ಜ್ವರಕ್ಕೆ ಫಿಟ್ಸ್ ಬಂದ ಮಗುವಿನ ಕೈಗೆ ಬೀಗದ ಕೈ ಗೊಂಚಲು ಕೊಡ್ತಿದ್ರು, ಪಕ್ಕಕ್ಕೆ ಹೊರಳಿಸಿ ಮಲಗಿಸೋದು ಬಿಟ್ಟು. ಅವರನ್ನ ನಾನು ಬಯ್ತಿಲ್ಲ. ಅದೇ ಅಜ್ಜಿ ಕೈಯಲ್ಲಿ ಮಗು ಸ್ನಾನ ಮಾಡಿಸಿಕೊಂಡು ಕಾಲ ಮೇಲೇ ನಿದ್ದೆಹೋಗ್ತಿತ್ತು, ಅದು ನನ್ನ ಕೈಲಿ ಇವತ್ತಿಗೂ ಆಗಲ್ಲ.

ಹೊಸಬರು: ನೀರಿನ ವಿಷಯದಲ್ಲಿ ನಾನು ಓದಿದ ಒಂದು ಕಥೆ ಹೇಳ್ಲಾ? 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತು, ಬಂಗಾಳದ ಬನಗಾಂವ್ ಶಿಬಿರದಲ್ಲಿ ನಿರಾಶ್ರಿತರಿಗೆ ಕಾಲರಾ. ನರಕ್ಕೆ ಹಾಕೋ ಸಲೈನ್ ಮುಗಿದುಹೋಯ್ತು. ಆಸ್ಪತ್ರೆಯ ನೆಲದ ತುಂಬ ರೋಗಿಗಳು. ಡಾಕ್ಟರ್ ದಿಲೀಪ್ ಮಹಲನಾಬಿಸ್ ಅಂತ ಇದ್ರು. ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಲೆಕ್ಕವಾಗಿ ನೀರಲ್ಲಿ ಕಲಸಿ ಡ್ರಮ್ಮಿಗೆ ತುಂಬಿಸಿದ್ರು. ಅದನ್ನ ಕುಡಿಸಿದ್ದು ಯಾರು? ರೋಗಿಗಳ ಅಮ್ಮಂದಿರು, ಅಕ್ಕಂದಿರು, ನೆಂಟರು. ನೂರಕ್ಕೆ ಮೂವತ್ತರ ಹತ್ತಿರ ಸಾಯ್ತಿದ್ದದ್ದು 3.6ಕ್ಕೆ ಇಳೀತು. ಎಷ್ಟು ಉಪ್ಪು, ಎಷ್ಟು ಸಕ್ಕರೆ ಅನ್ನೋದು ಪ್ರಯೋಗಾಲಯದ್ದು. ಮಗುವಿನ ತಲೆ ಎತ್ತಿ ಹಿಡಿದು, ವಾಂತಿ ಮಾಡಿದರೂ ಬಿಡದೆ, ಚಮಚ ಚಮಚವಾಗಿ ರಾತ್ರಿಯಿಡೀ ಕುಡಿಸಿದ್ದು ಅಮ್ಮನದು.

ಹಳಬರು: ಈಗ ನಮ್ಮ ಹತ್ರ ಇರೋ ಓಆರ್‌ಎಸ್ ಪೊಟ್ಟಣ ಅದೇ ಥರದ್ದು. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ, ಪೂರಾ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಬಾರದು. ಜೊತೆಗೆ ಜಿಂಕ್ ಮಾತ್ರೆ, ಭೇದಿ ನಿಂತರೂ ಬಿಡದೆ ಒಟ್ಟು ಹದಿನಾಲ್ಕು ದಿನ. ಮೂರನೇ ದಿನಕ್ಕೇ ನಿಲ್ಲಿಸಿಬಿಡ್ತಾರೆ, ನೀನು ಮನೆಗೇ ಹೋಗಿ ನೋಡಬೇಕು.

ಹೊಸಬರು: ನಿಮ್ಮನ್ನ ಇನ್ನೊಂದು ಕೇಳಬೇಕು. ಹತ್ತನೇ ನಂಬರಿನ ಹುಡುಗಿ, ನೀಲಿ ಲಂಗ, ಎರಡು ಜಡೆ. ಮೂರು ತಿಂಗಳಿಂದ ತೂಕ ಏರಿಲ್ಲ. ಮೊಬೈಲಲ್ಲಿ ನೋಡಿದೆ. ಹಾಜರಿ ಪೂರ್ತಿ ಇದೆ, ಮೊಟ್ಟೆ ದಿನ ಮೊಟ್ಟೆ ಕೊಟ್ಟಿದ್ದೂ ಇದೆ. ಜಂತುಹುಳ ಇರಬಹುದಾ?

ಹಳಬರು: ನಕ್ಷೆ ನೋಡಿದ್ದು ಬಹಳ ಒಳ್ಳೇದು ಮಾಡಿದೆ. ಹುಳದ ಮಾತ್ರೆ ಆಗಿದೆ. ಅವಳು ಮೊಟ್ಟೆ ತಿನ್ನಲ್ಲ ಕಣೇ.

ಹೊಸಬರು: ನಾನೇ ನಿನ್ನೆ ತಟ್ಟೆಗೆ ಹಾಕಿದೆ. ತಟ್ಟೆ ಖಾಲಿಯಾಗಿತ್ತು.

ಹಳಬರು: ತಟ್ಟೆ ಖಾಲಿಯಾಗಿತ್ತು. ಕೈ ತೊಳೆಯೋಕೆ ಹೋಗೋವಾಗ ಅವಳ ಕೈ ನೋಡಿದ್ಯಾ? ಎಡಗೈ ಲಂಗದ ಮಡಿಕೇಲಿರ್ತದೆ. ಮನೇಲಿ ಒಂದೂವರೆ ವರ್ಷದ ತಮ್ಮ ಅವನೆ. ಅವನಿಗೆ ತಗೊಂಡು ಹೋಗ್ತಾಳೆ. ಬಯ್ಯಬೇಡ, ಬಯ್ದರೆ ಇಲ್ಲೂ ತಿನ್ನೋದು ಬಿಡ್ತಾಳೆ. ಆ ಹುಡುಗನಿಗೆ ಮನೆಗೆ ಕೊಡೋ ಆಹಾರದ ಪೊಟ್ಟಣ ಬರಬೇಕು. ಈಗ ಅದಕ್ಕೆ ಮೊಬೈಲಲ್ಲಿ ತಾಯಿ ಬಂದು ಮುಖ ತೋರಿಸಬೇಕು. ಅವಳು ಬೆಳಗ್ಗೆ ಏಳಕ್ಕೇ ಕೂಲಿಗೆ ಹೋದರೆ ಬರೋದು ಸಂಜೆ ಆರಕ್ಕೆ. ನೀನು ಒಂದು ದಿನ ಕತ್ತಲಾದ ಮೇಲೆ ಮೊಬೈಲ್ ಹಿಡ್ಕೊಂಡು ಅವರ ಮನೆ ಬಾಗಿಲಿಗೆ ಹೋಗು. ತಮ್ಮನ ಪೊಟ್ಟಣ ಮನೆ ಸೇರಿದ್ರೆ ಇವಳ ತೂಕ ಏರ್ತದೆ.

ಹೊಸಬರು: ತಮ್ಮನ ಪೊಟ್ಟಣಕ್ಕೂ ಅಕ್ಕನ ನಕ್ಷೆಗೂ ಗಂಟು ಬಿದ್ದಿರೋದು ಮೊಬೈಲಿಗೆ ಹೇಗೆ ಗೊತ್ತಾಗಬೇಕು? ಏರಿಲ್ಲ ಅಂತ ಅಷ್ಟೇ ತೋರಿಸ್ತು.

ಹಳಬರು: ಅದು ತೋರಿಸದಿದ್ರೆ ನಾನೂ ‘ಪಾಪ, ಅಕ್ಕ ಅಂದ್ರೆ ಹಿಂಗಿರಬೇಕು’ ಅಂತ ಸುಮ್ಮನಿರ್ತಿದ್ನೇನೋ. ಮೂರು ತಿಂಗಳು ಏರಿಲ್ಲ ಅನ್ನೋದು ಸಣ್ಣ ಮಾತಲ್ಲ.

ಹೊಸಬರು: ಟೀಚರಮ್ಮ, ಆಯಮ್ಮನ ವಿಷಯ. ಅವರ ಮುಖ ನೋಡೋಕೆ ನನಗೆ ಆಗ್ತಿಲ್ಲ. ಇಪ್ಪತ್ತೆರಡು ವರ್ಷ ಇಲ್ಲೇ ಸಹಾಯಕಿ. ನೀವು ರಜೆ ಹಾಕಿದ ದಿನ, ಸರ್ವೆಗೆ, ಮೀಟಿಂಗಿಗೆ, ಚುನಾವಣೆ ಕೆಲಸಕ್ಕೆ ಹೋದ ದಿನ ಮಕ್ಕಳನ್ನ ನೋಡ್ಕೊಂಡಿದ್ದು ಅವರೇ. ನಿಮ್ಮ ಜಾಗ ಅವರಿಗೆ ಬರಬೇಕಿತ್ತು.

ಹಳಬರು: ಸಹಾಯಕಿಯರಿಗೆ ಬಡ್ತಿ ಇದೆ, ಐದು ವರ್ಷ ಕೆಲಸ ಮಾಡಿದ್ರೆ ಸಾಕು. ಆದರೆ ಓದು ಇರಬೇಕು. ಅವಳದು ಏಳನೇ ಕ್ಲಾಸು. ಎಸ್ಸೆಸ್ಸೆಲ್ಸಿ ಕಟ್ಟು ಕಟ್ಟು ಅಂತ ನಾನೇ ಎರಡು ಸಲ ಫಾರಂ ತಂದುಕೊಟ್ಟೆ. ಸಂಜೆ ಮನೆಗೆ ಹೋಗಿ ಹಸು ಹಾಲು ಕರೆದು, ಅಡುಗೆ ಮಾಡಿ, ಅತ್ತೆಗೆ ಮೈ ಒರೆಸಿ ಕೂತ್ಕೊಂಡ್ರೆ ರಾತ್ರಿ ಹನ್ನೊಂದು. ಗಣಿತ ಎಲ್ಲಿಂದ ಬರಬೇಕು? ನೀನು ತಪ್ಪು ಮಾಡಿಲ್ಲ. ಅವಳೂ ಮಾಡಿಲ್ಲ. ನಾಳೆಯಿಂದ ಅವಳನ್ನ ‘ಆಯಾ’ ಅಂತ ಕೂಗಿ ಕಸ ಗುಡಿಸೋಕೆ ಮಾತ್ರ ಇಟ್ಕೊಂಡ್ರೆ ಆಗ ತಪ್ಪಾಗ್ತದೆ. ಯಾವ ಮಗುವಿನ ಹೊಟ್ಟೆ ಯಾವಾಗ ಕೆಟ್ಟಿದೆ ಅಂತ ನನಗಿಂತ ಮುಂಚೆ ಅವಳಿಗೆ ಗೊತ್ತಾಗ್ತಿತ್ತು.

ಹೊಸಬರು: ನನ್ನ ಸಿಟ್ಟು ಇನ್ನೊಂದು ಇದೆ. ‘ಮಕ್ಕಳು ನೋಡ್ಕೊಳ್ಳೋಕೆ ಓದು ಯಾಕೆ ಬೇಕು, ಹೆತ್ತವರಿಗೆಲ್ಲ ಬರುತ್ತೆ’ ಅಂತಾರಲ್ಲ, ಆ ಮಾತು. 2023ರ ಬಜೆಟ್‌ನಲ್ಲಿ ‘ಕೂಸಿನ ಮನೆ’ ಬಂತು. ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗೋ ಅಮ್ಮಂದಿರ ಮಕ್ಕಳನ್ನ ನೋಡ್ಕೊಳ್ಳೋ ಕೇಂದ್ರ. ನೋಡ್ಕೊಳ್ಳೋರೂ ಜಾಬ್ ಕಾರ್ಡ್ ಇರೋ ಹೆಂಗಸರೇ. ಬಹಳ ಒಳ್ಳೇ ಯೋಚನೆ. ಆದ್ರೆ ನಮ್ಮ ಕಡೆ ಒಬ್ಬರು ‘ಇವರಿಗೆ ತರಬೇತಿ ಏನು, ಸುಮ್ಮನೆ ಕೂತಿರೋ ಕೆಲಸ’ ಅಂದ್ರು. ಒಂದೇ ಕೋಣೇಲಿ ಎಂಟು ತಿಂಗಳ ಮಗು ಅಂಬೆಗಾಲು, ಎರಡು ವರ್ಷದ್ದು ಅದರ ಮೇಲೆ ನಡಕೊಂಡು ಹೋಗುತ್ತೆ, ಇನ್ನೊಂದರ ಬಾಯಲ್ಲಿ ಕಡ್ಲೆಕಾಯಿ ಬೀಜ. ನಮ್ಮ ಮನೆ ಮಗು ಒಂದನ್ನ ನೋಡೋದೇ ಬೇರೆ, ಹತ್ತು ಮನೆಯ ಹತ್ತು ಮಕ್ಕಳನ್ನ ನೋಡೋದೇ ಬೇರೆ.

ಹಳಬರು: ಆ ಮಾತಿನ ಹಿಂದೆ ಇರೋದನ್ನ ನಾನು 35 ವರ್ಷ ಉಂಡೋಳು. ಹೆತ್ತೋರಿಗೆಲ್ಲ ಬರ್ತದೆ ಅಂದ ಮೇಲೆ ಅದು ಕೆಲಸವೇ ಅಲ್ಲ. ಕೆಲಸ ಅಲ್ಲ ಅಂದ ಮೇಲೆ ಸಂಬಳ ಯಾಕೆ? ಅದಕ್ಕೇ ‘ಗೌರವಧನ’ ಅಂತ ಹೆಸರಿಟ್ಟಿದ್ದು. ದುಡ್ಡು ಕೊಡೋವಾಗ ‘ನಿಮ್ಮದು ಸೇವೆ, ತಾಯಿ ಕರುಳು’ ಅಂತಾರೆ. ಬಡ್ತಿ ಕೇಳಿದಾಗ ‘ಸರ್ಟಿಫಿಕೇಟ್ ಎಲ್ಲಿ’ ಅಂತಾರೆ. ಒಂದು ಬಾಗಿಲಲ್ಲಿ ಅನುಭವ ಸಾಕು, ಇನ್ನೊಂದು ಬಾಗಿಲಲ್ಲಿ ಅನುಭವ ಸಾಲದು. ಎರಡೂ ಕಡೆ ಹೊರಗೆ ನಿಂತೋರು ನಾವೇ.

ಹೊಸಬರು: 2022ರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರಿಗೂ ಗ್ರಾಚ್ಯುಟಿ ಕೊಡಬೇಕು ಅಂತಲ್ವಾ ಹೇಳಿದ್ದು?

ಹಳಬರು: ಹೇಳ್ತು. ಕಾರ್ಯಕರ್ತೆಗೂ, ಸಹಾಯಕಿಗೂ. ಇದು ಕೆಲಸ, ಮಾಡೋರು ನೌಕರರು ಅಂತ ಆಯ್ತು. ಆ ದಿನ ನಾನೂ ಆಯಮ್ಮನೂ ಬಾಗಿಲು ಹಾಕಿದ ಮೇಲೆ ಇಲ್ಲೇ ಕೂತು ಅತ್ತಿದ್ವಿ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ನಡುವೆ ನಾನೊಂದು ಮಾತು ಸೇರಿಸಬೇಕು. ಎಂ.ಬಿ.ಬಿ.ಎಸ್. ಪರೀಕ್ಷೆ ಪಾಸಾದವರನ್ನು ನಾವು ನೇರವಾಗಿ ರೋಗಿಯ ಎದುರು ಒಂಟಿಯಾಗಿ ಕೂರಿಸುವುದಿಲ್ಲ. ಒಂದು ವರ್ಷ ಹಿರಿಯರ ಕಣ್ಣಳತೆಯಲ್ಲಿ ಹೌಸ್ ಸರ್ಜನ್ ಆಗಿ ದುಡಿಸುತ್ತೇವೆ. ಬಸ್ಸು ಓಡಿಸುವವನಿಗೆ ಪರವಾನಗಿ ಕೊಡುವ ಮುನ್ನ ರಸ್ತೆಯ ಮೇಲೆ ಓಡಿಸಿ ತೋರಿಸು ಅನ್ನುತ್ತೇವೆ. ಇಪ್ಪತ್ತೆಂಟು ಮಕ್ಕಳನ್ನು ಒಪ್ಪಿಸುವಾಗ ಮಾತ್ರ ಹಳಬರ ಕೊನೆಯ ದಿನದ ಕೊನೆಯ ಗಂಟೆಯಲ್ಲಿ ಲೋಟ ಎಣಿಸುತ್ತೇವೆ. ಎಷ್ಟೋ ಕಡೆ ಇಷ್ಟೂ ಆಗುವುದಿಲ್ಲ. ಹಳಬರು ನಿವೃತ್ತರಾಗಿ ತಿಂಗಳುಗಳಾದ ಮೇಲೆ ಹೊಸಬರು ಬರುತ್ತಾರೆ. ಬೀಗದ ಕೈ ಪಕ್ಕದ ಮನೆಯಲ್ಲಿರುತ್ತದೆ.

ಹೊಸಬರು: ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಡ್ತು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಲ್ಲಿ ತೀರಿಕೊಂಡ್ರು. ಅಕ್ಷರ ಕಲಿಯದವರು, ಹದಿನೈದು ಸಾವಿರಕ್ಕಿಂತ ಹೆಚ್ಚು ಹೆರಿಗೆ ಮಾಡಿಸಿದವರು. ಅನುಭವಕ್ಕೆ ನಮ್ಮಲ್ಲಿ ಮರ್ಯಾದೆ ಇಲ್ಲ ಅಂತ ಹೇಳೋಕಾಗಲ್ಲ.

ಹಳಬರು: ಮರ್ಯಾದೆ ಕೊಡೋದು ಬೇರೆ, ಕಲಿಯೋದು ಬೇರೆ ಕಣವ್ವ. ಶಾಲು ಹೊದಿಸಿದ್ರೆ ಕೈಯಲ್ಲಿದ್ದ ವಿದ್ಯೆ ನಮ್ಮ ಕಡೆ ಬರಲ್ಲ. ಆ ತಾಯಿ ತನ್ನ ಅಜ್ಜಿ ಪಕ್ಕ ಕೂತು ಕಲಿತೋಳು. ನಮ್ಮವರು ಇವತ್ತು ಹೆರಿಗೆಗೆ ಆಸ್ಪತ್ರೆಗೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋವು ತಿನ್ನೋಳ ಬೆನ್ನು ನೀವೋ ಕೈ, ಹೆದರಬೇಡ ಮಗಳೇ ಅನ್ನೋ ಮಾತು, ಅದು ಆಸ್ಪತ್ರೆಗೂ ಹೋಗಬೇಕಿತ್ತಲ್ಲ. ಬಸುರಿಯರನ್ನ ಕರ್ಕೊಂಡು ಹೋದಾಗೆಲ್ಲ ನಾನು ಹುಡುಕಿದ್ದೀನಿ. ಒಂದೊಂದು ಕಡೆ ಸಿಗ್ತದೆ, ಒಂದೊಂದು ಕಡೆ ಇಲ್ಲ.

ಹೊಸಬರು: ಓದಿದವರು ಕಲಿತದ್ದೂ ಉಂಟು, ಟೀಚರಮ್ಮ. ಈ ‘ಅಂಗನವಾಡಿ’ ಅನ್ನೋ ಕಲ್ಪನೆ ತಾರಾಬಾಯಿ ಮೋಡಕ್ ಅವರದು ಅಂತಾರೆ. ಆ ಕಾಲಕ್ಕೇ ಮುಂಬೈಯಲ್ಲಿ ಪದವಿ ಪಡೆದವರು. ಭಾವನಗರದಲ್ಲಿ ಗಿಜುಭಾಯಿ ಬಧೇಕರ ಜೊತೆ ಮಾಂಟೆಸ್ಸರಿ ಕ್ರಮದಲ್ಲಿ ಮಕ್ಕಳ ಶಾಲೆ ನಡೆಸಿದ್ರು, 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದ್ರು. ಅಷ್ಟೆಲ್ಲ ಓದು, ಅಷ್ಟೆಲ್ಲ ಹೆಸರು ಆದ ಮೇಲೆ 1945ರಲ್ಲಿ ಬೋರ್ಡಿ ಅನ್ನೋ ಹಳ್ಳಿಗೆ ಹೋದ್ರು. ಅಲ್ಲಿ ವಾರ್ಲಿ ಜನರ ಮಕ್ಕಳು ಬಾಲವಾಡಿಗೆ ಬರಲೇ ಇಲ್ಲ. ದೊಡ್ಡ ಮಕ್ಕಳು ದನ ಕಾಯಬೇಕು, ಹೆಣ್ಣುಮಕ್ಕಳು ತಮ್ಮ ತಂಗಿಯರನ್ನ ಸೊಂಟದ ಮೇಲೆ ಹೊತ್ತಿರ್ತಾರೆ. ಮಕ್ಕಳು ಬರಲ್ಲ ಅಂದ ಮೇಲೆ ಶಾಲೆಯನ್ನೇ ಅವರ ಅಂಗಳಕ್ಕೆ ತಗೊಂಡು ಹೋದ್ರು. ದುಡ್ಡು ಕೊಟ್ಟು ತರೋ ಸಾಮಾನಿನ ಬದಲು ಎಲೆ, ಬೀಜ, ಕಲ್ಲು, ಕಪ್ಪೆಚಿಪ್ಪು.

ಹಳಬರು: ಅಂಗಳಕ್ಕೆ ಹೋಗಿದ್ದು ಓದು ಬಿಟ್ಟಲ್ಲ, ಓದನ್ನ ಜೊತೆಗೆ ತಗೊಂಡು.

ಹೊಸಬರು: ಹೌದು. ಮಗು ಮುಟ್ಟಿ ನೋಡಿ ಕಲಿಯುತ್ತೆ ಅನ್ನೋದು ಮಾಂಟೆಸ್ಸರಿಯಿಂದ ಬಂದದ್ದು. ಏನನ್ನ ಮುಟ್ಟಬೇಕು ಅನ್ನೋದು ಆ ಊರು ಹೇಳಿಕೊಟ್ಟದ್ದು.

ಹಳಬರು: ಹಂಗಾದ್ರೆ ನಾನು ಒಂದು ಕೇಳ್ತೀನಿ. ಮೇಲಿನೋರಿಗೆ ಯಾವತ್ತಾದ್ರೂ ಬರೆಯೋ ಅವಕಾಶ ಸಿಕ್ಕಿದ್ರೆ ಬರಿ, ನಿನ್ನ ಅಕ್ಷರ ಚೆನ್ನಾಗಿದೆ. ಹಳಬರು ಹೋಗೋಕೆ ಮೂರು ತಿಂಗಳು ಮುಂಚೆ ಹೊಸಬರನ್ನ ಕಳಿಸಲಿ. ಇಬ್ಬರಿಗೂ ಗೌರವಧನ ಕೊಡಲಿ, ಮೂರೇ ತಿಂಗಳದ್ದು. ಮೊದಲನೇ ತಿಂಗಳು ಹೊಸಬಳು ಏನೂ ಮಾಡದೆ ನೋಡಲಿ. ಎರಡನೇದರಲ್ಲಿ ಇಬ್ಬರೂ ಮಾಡಲಿ. ಮೂರನೇದರಲ್ಲಿ ಹಳಬಳು ಸುಮ್ಮನೆ ಮೂಲೇಲಿ ಕೂತಿರಲಿ. ಆಯಮ್ಮನಂಥೋರಿಗೆ ಕೈ ಕೆಲಸ ನೋಡಿಯೇ ಒಂದು ಸರ್ಟಿಫಿಕೇಟ್ ಕೊಡಲಿ: ಮಗು ತೂಗೋದು, ಪಟ್ಟಿ ಹಿಡಿಯೋದು, ಓಆರ್‌ಎಸ್ ಕಲಸೋದು, ಅಳೋ ಮಗು ಸುಧಾರಿಸೋದು. ಅದೂ ಪರೀಕ್ಷೆಯೇ ತಾನೆ? ಗಣಿತದ ಪೇಪರಿಗಿಂತ ಕಷ್ಟದ್ದು.

ಹೊಸಬರು: ನೀವು ನಾಳೆ ಬರಲ್ವಾ?

ಹಳಬರು: ನಾಳೆ ಬಂದ್ರೆ ಮಕ್ಕಳು ನಿನ್ನ ಹತ್ರ ಬರಲ್ಲ. ಒಂದು ವಾರ ಈ ಬೀದೀಲೇ ನಾನು ಓಡಾಡಲ್ಲ. ಸಂಜೆ ನೀನು ಮನೆಗೆ ಬಾ. ನಮ್ಮ ಜಗಲಿ ದೊಡ್ಡದಾಗೇ ಇದೆ.

ಹೊಸಬರು: ಟೀಚರಮ್ಮ, ಮಗು ಎದ್ದಿತು.

ಹಳಬರು: ಹೂಂ. ನೀನು ಹೋಗು. ಇರು, ಓಡಬೇಡ. ಎತ್ಕೋಬೇಡ. ಎದ್ದ ತಕ್ಷಣ ಎತ್ತಿದ್ರೆ ಅವನು ಹೆದರ್ತಾನೆ. ಅವನಿಂದ ಒಂದು ಮಾರು ದೂರ ಕೂತ್ಕೋ.

ಹೊಸಬರು: ಅಳೋಕೆ ಶುರು ಮಾಡಿದ. ನಿಮ್ಮನ್ನೇ ನೋಡ್ತಿದ್ದಾನೆ.

ಹಳಬರು: ನೋಡ್ಲಿ. ನಾನು ಏಳಲ್ಲ. ಆ ಪಕ್ಕದಲ್ಲಿರೋ ಡಬ್ಬ ತಗೋ. ಮುಚ್ಚಳ ತೆಗಿ, ಹಾಕು. ಮತ್ತೆ ತೆಗಿ, ಹಾಕು. ಅವನ ಕಡೆ ನೋಡಬೇಡ, ಡಬ್ಬದ ಕಡೆ ನೋಡು.

ಹೊಸಬರು: ಅಳು ನಿಲ್ತಾ ಇಲ್ಲ, ಟೀಚರಮ್ಮ. ಎಷ್ಟು ಹೊತ್ತು ಹೀಗೇ ಕೂರಬೇಕು?

ಹಳಬರು: ನನಗೆ ಇವನ ಹತ್ರ ಹನ್ನೊಂದು ದಿನ ಹಿಡೀತು. ತೆಗಿ, ಹಾಕು.